ಏಲಕ್ಕಿ ಅಗಿದರೆ ಎಂಜೈಮ್ ಮೋಸ ಹೋಗಲ್ಲ

ಬಳ್ಳಾರಿಯಲ್ಲಿ ಪೊಲೀಸರು ಊದುವ ಮೀಟರ್ ಹಿಡಿದು ನಿಂತರೆ ಕೆಲವರಿಗೆ ಏಲಕ್ಕಿ, ಪಾನ್, ಹಸಿ ಈರುಳ್ಳಿ ನೆನಪಾಗುತ್ತದೆ. ಅವನ್ನು ಅಗಿದರೆ ಮೀಟರ್ ಮೋಸ ಹೋಗುತ್ತದೆ ಎನ್ನುವುದು ಶುದ್ಧ ಮೂಢನಂಬಿಕೆ. ಏಲಕ್ಕಿ ಮುಚ್ಚುವುದು ಬಾಯಿ ವಾಸನೆಯನ್ನು. ಮೀಟರ್ ಅಳೆಯುವುದು ರಕ್ತದಿಂದ ಶ್ವಾಸಕೋಶಕ್ಕೆ ದಾಟಿ ಬಂದ ಎಥನಾಲನ್ನು, ಅಂದರೆ ಮದ್ಯದಲ್ಲಿ ಅಮಲೇರಿಸುವ ಆಲ್ಕೋಹಾಲನ್ನು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಕೇಸು, ಅಷ್ಟೇ.

ಆ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ಪ್ಲಾಟಿನಂ ಇಂಧನಕೋಶ ಇರುತ್ತದೆ, ಎಥನಾಲಿನಿಂದ ಕರೆಂಟು ಹುಟ್ಟಿಸುವ ಪುಟ್ಟ ಕೋಶ ಅದು. ನನಗೆ ಜಾಸ್ತಿ ಖುಷಿ ಕೊಡುವುದು ಮದ್ಯ ಅಳೆಯುವ ಇನ್ನೊಂದು ಬಗೆ, ಎಂಜೈಮ್ ಸೆನ್ಸರ್. ಎಂಜೈಮ್ ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನು. ಮನೆಯ ಶುಗರ್ ಮೀಟರ್ ಗೊತ್ತಲ್ವಾ, ಅದೇ ಮನೆತನ. 1962ರಲ್ಲಿ ವಿಜ್ಞಾನಿಗಳಾದ ಕ್ಲಾರ್ಕ್ ಮತ್ತು ಲಯನ್ಸ್ ಗ್ಲೂಕೋಸ್‌ಗೆ ಇಂಥ ಎಲೆಕ್ಟ್ರೋಡ್ ಯೋಚಿಸಿದರು, 1967ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಎಂಜೈಮನ್ನು ಪಾಲಿಮರ್ (ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ವಸ್ತು) ಜೆಲ್ಲಿನೊಳಗೆ ಕೂಡಿಹಾಕಿದರು. ನನ್ನ ಪ್ರಕಾರ ನಿಜವಾದ ಜಾಣತನ ಈ ಎರಡನೆಯದೇ.

ಯಾಕೆ ಅಂದರೆ, ಮದ್ಯ ಹಿಡಿಯಲು ಬಳಸುವ, ಯೀಸ್ಟ್‌ನಿಂದ ತೆಗೆದ ಆಲ್ಕೋಹಾಲ್ ಆಕ್ಸಿಡೇಸ್ ಎಂಬ ಎಂಜೈಮ್ ಬಹಳ ನಾಜೂಕು. ಎಂಟು ತುಂಡುಗಳು ಕೂಡಿ ಆದ ದೊಡ್ಡ ಪ್ರೋಟೀನು, ಬಿಸಿ ಹೆಚ್ಚಾದರೆ ಬಿಚ್ಚಿಕೊಂಡು ಕೆಲಸ ನಿಲ್ಲಿಸುತ್ತದೆ. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಅದನ್ನು ಸುಮ್ನೆ ಬಿಟ್ಟರೆ ಗತಿಯೇನು? ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರಲ್ಲ, ಹಾಗೆ ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್‌ನಂಥ ಪಾಲಿಮರ್ ಎಂಜೈಮನ್ನು ಒಳಗೇ ಹಿಡಿದಿಡುತ್ತದೆ. ಪುಟ್ಟ ಎಥನಾಲ್ ಮಾತ್ರ ಕಣ್ಣಿಗಳ ನಡುವೆ ಸಲೀಸಾಗಿ ನುಸುಳುತ್ತದೆ.

ಒಳಗೆ ಹೋದ ಎಥನಾಲ್ ಆಮ್ಲಜನಕದ ಜೊತೆ ಸೇರಿ ಅಸಿಟಾಲ್ಡಿಹೈಡ್ ಆಗುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಈ ಪೆರಾಕ್ಸೈಡ್ ಎಲೆಕ್ಟ್ರೋಡಿನ ಮೇಲೆ ಎಲೆಕ್ಟ್ರಾನ್ ಬಿಟ್ಟುಕೊಟ್ಟಾಗ ಕರೆಂಟು ಹರಿಯುತ್ತದೆ, ಹೆಚ್ಚು ಮದ್ಯ ಅಂದರೆ ಹೆಚ್ಚು ಕರೆಂಟು. ತೊಂದರೆ ಏನೆಂದರೆ ಬರೀ ಪ್ಲಾಟಿನಂಗೆ ಸುಮಾರು 0.6 ವೋಲ್ಟ್ ಬೇಕು, ಅಷ್ಟಕ್ಕೆ ರಕ್ತದಲ್ಲಿರುವ ವಿಟಮಿನ್ ಸಿ, ಯೂರಿಕ್ ಆಮ್ಲ ಕೂಡ ಎಲೆಕ್ಟ್ರಾನ್ ಕೊಟ್ಟು ಲೆಕ್ಕ ಕೆಡಿಸುತ್ತವೆ! ಅದಕ್ಕೇ ಇಂಗಾಲದ ನ್ಯಾನೋ ಕೊಳವೆ, ಚಿನ್ನದ ನ್ಯಾನೋ ಕಣ, ಕರೆಂಟು ಹರಿಸುವ ಪಾಲಿಅನಿಲಿನ್ ಎಲ್ಲ ಸೇರಿಸುತ್ತಾರೆ. ಅಲ್ಲಿ ಕ್ರಿಯೆ ನಡೆಯುವ ಮೇಲ್ಮೈ ಜಾಗವೂ ಜಾಸ್ತಿ, ಕಡಿಮೆ ವೋಲ್ಟಿನಲ್ಲೇ ಕೆಲಸವೂ ಆಗುತ್ತದೆ.

ಹಾಗಂತ ಎಲ್ಲ ಅಮಲನ್ನೂ ಇದು ಹಿಡಿಯುತ್ತದೆ ಎನ್ನಬೇಡಿ. ಪ್ರಾಣ ತೆಗೆಯುವ ಮೆಥನಾಲ್ ಕಂಡರೂ ಈ ಎಂಜೈಮ್ ಎಥನಾಲ್‌ನಂತೆಯೇ ಕರೆಂಟು ಕೊಡುತ್ತದೆ, ಎರಡನ್ನೂ ಬೇರೆ ಮಾಡಲು ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಎಂಜೈಮನ್ನು ಬಳಸಬೇಕು. ಇನ್ನು ರಾಯಚೂರು ಕಡೆ ಕಲಬೆರಕೆ ಸೇಂದಿಯಲ್ಲಿ ಸಿಗುವ ಸಿಎಚ್ ಪೌಡರ್ ಇದೆಯಲ್ಲ, ಅಂದರೆ ಮಂಪರು ತರುವ ಕ್ಲೋರಲ್ ಹೈಡ್ರೇಟ್, 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ ವಸ್ತು. ಅದು ಎಥನಾಲೇ ಅಲ್ಲ. ಸೇಂದಿಯ ಮದ್ಯಕ್ಕೆ ಸೆನ್ಸರ್ ಸರಿಯಾದ ಅಂಕಿ ತೋರಿಸುತ್ತದೆ, ಪೌಡರ್ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಅದಕ್ಕೆ ಪಿರಿಡಿನ್ ಮತ್ತು ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡುವ ಹಳೆಯ ಫುಜಿವಾರ ಪರೀಕ್ಷೆಯೇ ಬೇಕು, ಕೆಂಪು ಬಂದರೆ ಪೌಡರ್ ಬೆರೆತಿರುವ ಸಂಶಯ ಗಟ್ಟಿ.