ಹೊನ್ನೆಯೋ ಸುರಹೊನ್ನೆಯೋ: ಎಲೆಯಲ್ಲ, ರೆಂಬೆ ತನ್ನಿ

ಮಳೆ ಹಿಡಿದರೆ ಸಾಕು, ಚನ್ನಗಿರಿ, ಹೊಳಲ್ಕೆರೆ ಕಡೆಯ ರೈತರು ಜೇಬಿನಿಂದ ಬಾಡಿದ ಎಲೆಯೊಂದನ್ನು ತೆಗೆದು "ಇದು ಹೊನ್ನೆ ಅಲ್ವಾ ಸಾರ್?" ಎನ್ನುತ್ತಾರೆ. ಒಂಟಿ ಎಲೆ ನೋಡಿ ಹೇಳುವುದು ಕಷ್ಟ. ನಾಟಾದ ಹೊನ್ನೆ ಹೊಂಗೆಯ ಬಳಗದ್ದು, ಎಣ್ಣೆಬೀಜದ ಸುರಹೊನ್ನೆ ನಾಗಸಂಪಿಗೆಯ ಬಳಗದ್ದು. ಆದರೂ ಎರಡರ ಎಲೆತುದಿಯೂ ಮೊಂಡು, ನಡುವೆ ಸಣ್ಣ ಕಚ್ಚು. ಜನ ಮೋಸಹೋಗುವುದು ಅಲ್ಲೇ.

ಹೊನ್ನೆಯಲ್ಲಿ ನೀವು ಎಲೆಯೆಂದು ಕಿತ್ತದ್ದು ಪೂರ್ತಿ ಎಲೆಯಲ್ಲ, ಎಲೆಯ ಒಂದು ಪಾಲು. ಒಂದೇ ಕಡ್ಡಿಗೆ ಸಾಮಾನ್ಯವಾಗಿ ಐದರಿಂದ ಏಳು ಕಿರುಎಲೆ. ಆ ಕಡ್ಡಿ ಸೇರಿ ಒಂದು ಎಲೆ. ಗೊತ್ತಾಗುವುದು ಹೇಗೆ? ಮೊಗ್ಗು ಹುಡುಕಿ. ಎಲೆತೊಟ್ಟು ರೆಂಬೆಗೆ ಕೂಡುವ ಕಂಕುಳಲ್ಲಿ ಸಣ್ಣ ಮೊಗ್ಗಿರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ಮೊಗ್ಗು ಕಂಡಲ್ಲಿಂದ ತುದಿಯವರೆಗೆ ಇರುವುದೆಲ್ಲ ಒಂದೇ ಎಲೆ. ಅದಕ್ಕೇ ಗೇಣುದ್ದದ ರೆಂಬೆ ಕೇಳುವುದು.

ಸುರಹೊನ್ನೆಯ ರೆಂಬೆಯಲ್ಲಿ ಬಿಡಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ದಪ್ಪ, ಹೊಳಪು, ಉದ್ದ 10ರಿಂದ 20 ಸೆಂ.ಮೀ. ಬೆಳಕಿಗೆ ಹಿಡಿದರೆ ನಡುನರದಿಂದ ಅಂಚಿಗೆ ಬಾಚಣಿಗೆ ಹಲ್ಲಿನಂತೆ ಒತ್ತೊತ್ತಾದ ನೇರ ಗೆರೆಗಳು. ತೊಟ್ಟು ಮುರಿದರೆ ಹಾಲು ಜಿನುಗುತ್ತದೆ. ಹೊನ್ನೆಯ ತೊಗಟೆಯಿಂದ ಬರುವುದು ಕೆಂಪು ಅಂಟು. ನೋಡಲೆಂದು ಮರಕ್ಕೆ ಕತ್ತಿ ಹಾಕಬೇಡಿ, ರೆಂಬೆಯೇ ಸಾಕು.

"ಬೇಸಿಗೆಯಲ್ಲೂ ಹಸಿರಿತ್ತು, ಹಾಗಾಗಿ ಸುರಹೊನ್ನೆ" ಎಂಬ ವಾದ ಅರ್ಧ ಸರಿ. ಸುರಹೊನ್ನೆ ನಿತ್ಯಹಸಿರು, ಹೊನ್ನೆ ಎಲೆ ಉದುರಿಸುತ್ತದೆ. ಆದರೆ ತೋಟದ ನೀರು ಕುಡಿದ ಎಳೆಯ ಹೊನ್ನೆ ಎಲೆ ಉಳಿಸಿಕೊಂಡಿರಬಹುದು.

ಕಾಯಿ ಸಿಕ್ಕರೆ ಅನುಮಾನವೇ ಇಲ್ಲ. ಹೊನ್ನೆಯದು ಚಪ್ಪಟೆ, ಸುತ್ತ ಹಾಳೆಯಂಥ ರೆಕ್ಕೆ. ಸುರಹೊನ್ನೆಯದು 2.5ರಿಂದ 4 ಸೆಂ.ಮೀ. ಗುಂಡು ಕಾಯಿ, ಒಣಗಿದರೆ ಸುಕ್ಕುಗಟ್ಟುತ್ತದೆ, ಒಳಗೆ ಗಟ್ಟಿ ಚಿಪ್ಪು. ಒಡೆದರೆ ಸಿಗುವ ತಿರುಳು ತಿನ್ನುವ ಬೀಜದಂತೆಯೇ ಕಾಣುತ್ತದೆ. ಮಕ್ಕಳ ಕೈಗೆ ಕೊಡಬೇಡಿ, ಅದು ವಿಷ. ಎಣ್ಣೆ ದೀಪಕ್ಕಾಗುತ್ತದೆ, ಒಗ್ಗರಣೆಗಲ್ಲ.

ಸುರಹೊನ್ನೆ ಮೂಲತಃ ಕರಾವಳಿಯ ಮರ. ಚಳ್ಳಕೆರೆಯಂಥ ಒಣಭೂಮಿಯಲ್ಲಿ ಮೊದಲ ವರ್ಷಗಳಲ್ಲಿ ನೀರು ಕೊಡದೆ ನಂಬುವುದು ಕಷ್ಟ. ಚಿಪ್ಪಿನ ಸಮೇತ ಬಿತ್ತಿದರೆ ಮೊಳಕೆಗೆ ಸುಮಾರು ಎರಡು ತಿಂಗಳು ಬೇಕಾಗಬಹುದು. ತಿಂಗಳಿಗೇ ಬೇಸತ್ತು ಪಾಕೀಟು ಎಸೆಯಬೇಡಿ. ತಿರುಳಿಗೆ ಪೆಟ್ಟಾಗದಂತೆ ಚಿಪ್ಪು ತೆಗೆದು ಹಾಕಿದರೆ ಇನ್ನೂ ಬೇಗ ಮೊಳೆಯುತ್ತದೆ.