ಯಾರನ್ನು ಬಿಡಬೇಕು: ಗ್ರೀನ್ ಬೇ ಪ್ಯಾಕರ್ಸ್ ತಂಡ ಕಟ್ಟುವ ಲೆಕ್ಕ

2021ರ ಮಾರ್ಚ್‌ನಲ್ಲಿ ಕೋರಿ ಲಿನ್ಸ್‌ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ಬಿಟ್ಟು ಲಾಸ್ ಏಂಜಲಿಸ್ ಚಾರ್ಜರ್ಸ್ ಸೇರಿದರು. ಐದು ವರ್ಷಕ್ಕೆ 6.25 ಕೋಟಿ ಡಾಲರ್. ಲಿನ್ಸ್‌ಲಿ ಆಡುತ್ತಿದ್ದುದು ಸೆಂಟರ್ ಸ್ಥಾನದಲ್ಲಿ, ಅಂದರೆ ಚೆಂಡನ್ನು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಗೆ ದಾಟಿಸಿ ಮರುಕ್ಷಣವೇ ಎದುರಾಳಿಗೆ ಅಡ್ಡ ನಿಲ್ಲುವ ಜಾಗ. ಹಿಂದಿನ ಸೀಸನ್‌ನಲ್ಲಷ್ಟೇ ವರ್ಷದ ಶ್ರೇಷ್ಠರ ಆಲ್-ಪ್ರೊ ತಂಡಕ್ಕೆ ಆಯ್ಕೆಯಾಗಿದ್ದವರು. ಇಷ್ಟು ಒಳ್ಳೆಯ ಆಟಗಾರನನ್ನು ಬದಲಿಗೆ ಏನೂ ಪಡೆಯದೆ ಕಳಿಸಿಕೊಡುವುದೇ ಎಂದು ಅಭಿಮಾನಿಗಳಿಗೆ ಸಿಟ್ಟು ಬಂತು.

ತಂಡ ಬರಿಗೈಯಲ್ಲಿ ಉಳಿಯಲಿಲ್ಲ. ಆ ನಷ್ಟಕ್ಕೆ ಪರಿಹಾರವಾಗಿ ಲೀಗ್ 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ನಾಲ್ಕನೇ ಸುತ್ತಿನ ಒಂದು ಹೆಚ್ಚುವರಿ ಪಿಕ್, ಅಂದರೆ ಆಯ್ಕೆಯ ಸರದಿ, ಕೊಟ್ಟಿತು, ಒಟ್ಟಾರೆ 140ನೆಯದು. ಅದರಲ್ಲಿ ಬಂದವರು ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಝ್ಯಾಕ್ ಟಾಮ್. ಆತ ಕ್ವಾರ್ಟರ್‌ಬ್ಯಾಕ್‌ಗೆ ಬಲಗಡೆ ಕಾವಲು ನಿಲ್ಲುವ ರೈಟ್ ಟ್ಯಾಕಲ್ ಜಾಗದಲ್ಲಿ ನೆಲೆ ನಿಂತರು. 2025ರ ಜುಲೈನಲ್ಲಿ ತಂಡ ಅವರ ಒಪ್ಪಂದವನ್ನು ಇನ್ನೂ ನಾಲ್ಕು ವರ್ಷಕ್ಕೆ, 8.8 ಕೋಟಿ ಡಾಲರ್‌ಗೆ ವಿಸ್ತರಿಸಿತು.

ಆಟಗಾರರ ಒಪ್ಪಂದಗಳ ಹಣದ ಲೆಕ್ಕ ನೋಡುವುದು ನನ್ನ ವೃತ್ತಿ. ಇಲ್ಲಿ ಅಮೆರಿಕದಲ್ಲಿ ಎನ್‌ಎಫ್‌ಎಲ್ ನೋಡುವ ಕನ್ನಡದ ಗೆಳೆಯರು ಮಾರ್ಚ್ ಬಂತೆಂದರೆ ಕೇಳುವುದು, "ನಮ್ಮ ಟೀಮ್ ಯಾರನ್ನ ತಗೊಂಡಿತು?" ಎಂದು. ನಾನು ಮೊದಲು ನೋಡುವುದು ಯಾರನ್ನು ಬಿಟ್ಟಿತು, ಯಾವ ವಯಸ್ಸಿಗೆ ಬಿಟ್ಟಿತು, ಒಪ್ಪಂದ ಮುಗಿಸಿ ಬಿಟ್ಟಿತೋ ಮಧ್ಯದಲ್ಲೇ ಕೈಬಿಟ್ಟಿತೋ ಎಂಬುದನ್ನು. ತಂಡದ ತಲೆಯಲ್ಲಿ ಏನಿದೆ ಎಂಬುದು ಅಲ್ಲೇ ಗೊತ್ತಾಗುವುದು. ಇದಕ್ಕೆ ಪ್ಯಾಕರ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡ ಸೇರಬಹುದು ಎಂಬ ಇಂದಿನ ಫ್ರೀ ಏಜೆನ್ಸಿ ಬಂದದ್ದು 1993ರಲ್ಲಿ, ಆಟಗಾರರು ಕೋರ್ಟು ಕಟ್ಟೆ ಹತ್ತಿ ಗೆದ್ದ ಮೇಲೆ. ಆ ಮೊಕದ್ದಮೆಗಳಲ್ಲಿ ಒಂದಕ್ಕೆ ರಕ್ಷಣಾ ಆಟಗಾರ ರೆಜಿ ವೈಟ್ ಹೆಸರೇ ಇತ್ತು. ಮೊದಲ ವರ್ಷ ಎಲ್ಲರ ಕಣ್ಣೂ ಅವರ ಮೇಲಿತ್ತು. ವೈಟ್ ಆರಿಸಿಕೊಂಡದ್ದು ವಿಸ್ಕಾನ್ಸಿನ್‌ನ ಪುಟ್ಟ ಊರು ಗ್ರೀನ್ ಬೇಯನ್ನು, ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್‌ಗೆ. 1996ರ ಸೀಸನ್‌ನಲ್ಲಿ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಾಗ ರಕ್ಷಣೆಯ ಬೆನ್ನೆಲುಬು ಅವರೇ. ಪೇಟೆಗೆ ಇಳಿಯದ ತಂಡ ಎಂದು ಮುಂದೆ ಹೆಸರಾದ ಪ್ಯಾಕರ್ಸ್, ಆ ಪೇಟೆಯ ಮೊದಲ ದೊಡ್ಡ ವ್ಯಾಪಾರ ಮಾಡಿದ ತಂಡವೂ ಹೌದು.

ಸ್ವಾತಂತ್ರ್ಯದ ಬೆನ್ನಿಗೇ 1994ರಲ್ಲಿ ಸ್ಯಾಲರಿ ಕ್ಯಾಪ್ ಬಂತು. ಒಂದು ತಂಡ ಆಟಗಾರರಿಗೆ ವರ್ಷಕ್ಕೆ ಇಷ್ಟರ ಮೇಲೆ ಲೆಕ್ಕ ಹಚ್ಚುವಂತಿಲ್ಲ ಎಂಬ ಮಿತಿ. ಆಗ 3.46 ಕೋಟಿ ಡಾಲರ್ ಇದ್ದದ್ದು 2025ಕ್ಕೆ 27.92 ಕೋಟಿ ಆಯಿತು. ಐಪಿಎಲ್ ನೋಡುವವರು ಇದನ್ನು ಹರಾಜಿನ ಪರ್ಸ್ ಎಂದುಕೊಳ್ಳುತ್ತಾರೆ. ಅಲ್ಲೇ ಎಡವಟ್ಟಾಗುವುದು. ಮೆಗಾ ಹರಾಜಿನಲ್ಲಿ ಆರ್‌ಸಿಬಿ ಮೂವರನ್ನು ಉಳಿಸಿಕೊಂಡು, ಕೊಹ್ಲಿಗೆ 21 ಕೋಟಿ ರೂಪಾಯಿ ತೆಗೆದಿಟ್ಟು, ಉಳಿದ ತಂಡವನ್ನು ಹೊಸದಾಗಿ ಕಟ್ಟಬಹುದು. ಎನ್‌ಎಫ್‌ಎಲ್‌ನಲ್ಲಿ ಹಳೆಯ ಲೆಕ್ಕ ಅಳಿಸಿ ಹೊಸ ಪುಟ ತೆರೆಯುವ ದಿನ ಬರುವುದೇ ಇಲ್ಲ. ಇವತ್ತು ಕೊಟ್ಟ ಹಣ ಐದು ವರ್ಷದವರೆಗೂ ಪುಸ್ತಕದಲ್ಲಿ ಉಳಿದಿರುತ್ತದೆ.

ಒಂದು ಕಲ್ಪಿತ ಒಪ್ಪಂದ ತೆಗೆದುಕೊಳ್ಳೋಣ. ಐದು ವರ್ಷ, ಸಹಿ ಹಾಕಿದ ಕೂಡಲೇ 2 ಕೋಟಿ ಡಾಲರ್ ಸೈನಿಂಗ್ ಬೋನಸ್, ಮೊದಲ ವರ್ಷದ ಸಂಬಳ 15 ಲಕ್ಷ. ಆಟಗಾರನಿಗೆ ಆ ವರ್ಷ ಸಿಗುವುದು 2.15 ಕೋಟಿ. ಕ್ಯಾಪ್‌ನಲ್ಲಿ ಕಾಣುವುದು ಬರೀ 55 ಲಕ್ಷ, ಏಕೆಂದರೆ ಬೋನಸ್ಸನ್ನು ವರ್ಷಕ್ಕೆ 40 ಲಕ್ಷದಂತೆ ಐದು ಭಾಗ ಮಾಡಿ ಬರೆಯುತ್ತಾರೆ. ಎರಡು ವರ್ಷ ಆದ ಮೇಲೆ ಆತನನ್ನು ಕೈಬಿಟ್ಟರೆ ಇನ್ನೂ ಬರೆಯದೆ ಉಳಿದ 1.2 ಕೋಟಿ ಒಮ್ಮೆಗೇ ತಲೆಯ ಮೇಲೆ ಬೀಳುತ್ತದೆ. ಇದೇ ಡೆಡ್ ಮನಿ: ಆಡದವನ ಹೆಸರಿನಲ್ಲಿ ಹೋಗುವ ಕ್ಯಾಪ್.

ಬಿಡಲಿಲ್ಲ ಎಂದಿಟ್ಟುಕೊಳ್ಳಿ. ಮೂರನೇ ವರ್ಷದ ಸಂಬಳ 1.3 ಕೋಟಿ, ಹಳೆಯ ಬೋನಸ್ಸಿನ ಪಾಲು 40 ಲಕ್ಷ, ಒಟ್ಟು 1.7 ಕೋಟಿ. ತಂಡಕ್ಕೆ ಆ ವರ್ಷ ಕ್ಯಾಪ್ ಬಿಗಿಯಾಗಿದೆ. ಆಗ ಸಂಬಳದಲ್ಲಿ 1.2 ಕೋಟಿಯನ್ನು ಹೊಸ ಬೋನಸ್ ಎಂದು ಬರೆದು, ಉಳಿದ ಮೂರು ವರ್ಷಕ್ಕೆ 40 ಲಕ್ಷದಂತೆ ಹಂಚುತ್ತಾರೆ. ಆ ವರ್ಷದ ಕ್ಯಾಪ್ 90 ಲಕ್ಷಕ್ಕೆ ಇಳಿಯುತ್ತದೆ. ಆಟಗಾರನಿಗೂ ಬೇಸರವಿಲ್ಲ, ದುಡ್ಡು ಮುಂಚೆಯೇ ಕೈಗೆ ಬಂತು. ಆದರೆ ಆ ವರ್ಷದ ಕೊನೆಗೆ ಆತನನ್ನು ಬಿಡಬೇಕಾಗಿ ಬಂದರೆ ಡೆಡ್ ಮನಿ 80 ಲಕ್ಷದ ಬದಲು 1.6 ಕೋಟಿ. ಪತ್ರಿಕೆಗಳಲ್ಲಿ 'ತಂಡ ಹಣ ಉಳಿಸಿತು' ಎಂದು ಬರುವುದು ಈ ಕೆಲಸದ ಬಗ್ಗೆಯೇ. ಒಂದು ಡಾಲರ್ ಕೂಡ ಉಳಿದಿರುವುದಿಲ್ಲ, ತಾರೀಖು ಮುಂದೆ ಹೋಗಿರುತ್ತದೆ.

ಈಗ ಲಿನ್ಸ್‌ಲಿ ಪ್ರಕರಣದ ಪರಿಹಾರದ ಪಿಕ್‌ಗೆ ಬರೋಣ. ಒಪ್ಪಂದ ಮುಗಿದು ಹೋದ ಆಟಗಾರರು ಎಷ್ಟು, ಹಾಗೆಯೇ ಹೊರಗಿನಿಂದ ಬಂದವರು ಎಷ್ಟು, ಅವರ ಸಂಬಳ ಎಷ್ಟು ಎಂದು ಲೀಗ್ ತೂಗಿ ನೋಡುತ್ತದೆ. ಬಂದವರಿಗಿಂತ ಹೋದವರು ಹೆಚ್ಚಾದರೆ ಮುಂದಿನ ವರ್ಷ ಮೂರರಿಂದ ಏಳನೇ ಸುತ್ತಿನೊಳಗೆ ಹೆಚ್ಚುವರಿ ಪಿಕ್, ಒಂದು ತಂಡಕ್ಕೆ ಹೆಚ್ಚೆಂದರೆ ನಾಲ್ಕು. ಇನ್ನೊಂದು ತಂಡ ಒಪ್ಪಂದದ ಮಧ್ಯೆ ಕೈಬಿಟ್ಟವನನ್ನು ತೆಗೆದುಕೊಂಡರೆ ಅದು ಈ ತೂಕಕ್ಕೆ ಸೇರುವುದಿಲ್ಲ. 2014ರಲ್ಲಿ ಶಿಕಾಗೋ ಬೇರ್ಸ್ ಬಿಟ್ಟ ಜೂಲಿಯಸ್ ಪೆಪರ್ಸ್ ಅವರನ್ನು ಪ್ಯಾಕರ್ಸ್ ಬರಮಾಡಿಕೊಂಡಿತು. ಪರಿಹಾರದ ಖಾತೆಗೆ ಯಾವ ಪೆಟ್ಟೂ ಬೀಳಲಿಲ್ಲ. ಇಂಥ ಸಣ್ಣ ನಿಯಮವನ್ನು ವರ್ಷದಿಂದ ವರ್ಷಕ್ಕೆ ಬಿಡದೆ ಪಾಲಿಸುವ ತಂಡ ಕಂಡರೆ ನನಗೆ ಗೌರವ. 2012ರ ಪರಿಹಾರದ ಪಿಕ್ 132ರಲ್ಲಿ ಬಂದ ಮೈಕ್ ಡೇನಿಯಲ್ಸ್ ಮುಂದೆ ಲೀಗಿನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದರು.

ಈ ಶಿಸ್ತನ್ನು ಬೇರೂರಿಸಿದವರು 2005ರಿಂದ 2017ರವರೆಗೆ ಜನರಲ್ ಮ್ಯಾನೇಜರ್ ಆಗಿದ್ದ ಟೆಡ್ ಥಾಂಪ್ಸನ್. ಬಂದ ವರ್ಷವೇ 24ನೇ ಪಿಕ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಅವರನ್ನು ಆರಿಸಿದರು. 2006ರಲ್ಲಿ ಬೇರೆಯವರು ಹಿಂದೆ ಮುಂದೆ ನೋಡುತ್ತಿದ್ದ ಚಾರ್ಲ್ಸ್ ವುಡ್‌ಸನ್ ಅವರನ್ನು ಕರೆತಂದರು. 2009ರಲ್ಲಿ ವುಡ್‌ಸನ್ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ. 2010ರ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ 31–25ರಿಂದ ಗೆದ್ದ ತಂಡದ ಬಹುಪಾಲು ಥಾಂಪ್ಸನ್ ಡ್ರಾಫ್ಟ್ ಮಾಡಿ ಬೆಳೆಸಿದವರು, ಇಲ್ಲವೇ ಸ್ಯಾಮ್ ಶೀಲ್ಡ್ಸ್ ಥರ ಡ್ರಾಫ್ಟ್‌ನಲ್ಲಿ ಯಾರೂ ಕರೆಯದೆ ಉಳಿದವರು.

ಆದರೆ ಶಿಸ್ತು ಹಟವಾದಾಗ ಏನಾಗುತ್ತದೆ ಎಂಬುದನ್ನೂ ಅದೇ ಥಾಂಪ್ಸನ್ ಕಾಲ ತೋರಿಸಿತು. ಡ್ರಾಫ್ಟ್ ಎರಡು ಮೂರು ವರ್ಷ ಕೈಕೊಟ್ಟರೆ ಆ ಹಳ್ಳ ತುಂಬಲು ಹೊರಗಿನವರು ಬೇಕೇ ಬೇಕು. 2017ರಲ್ಲಿ ರಾಜರ್ಸ್ ಕಾಲರ್‌ಬೋನ್ ಮುರಿದುಕೊಂಡಾಗ ತಂಡ 7–9ಕ್ಕೆ (7 ಗೆಲುವು, 9 ಸೋಲು) ಕುಸಿಯಿತು. ಒಬ್ಬನ ಹಿಂದೆ ಎಷ್ಟು ಕೊರತೆ ಅಡಗಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು.

2018ರಲ್ಲಿ ಅಧಿಕಾರ ವಹಿಸಿದ ಬ್ರಯಾನ್ ಗುಟೆಕುನ್ಸ್ಟ್ ಬದಲಾಯಿಸಿದ್ದು ಇದನ್ನೇ. 2019ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ ನಾಲ್ವರು: 6.6 ಕೋಟಿಗೆ ಝಡೇರಿಯಸ್ ಸ್ಮಿತ್, 5.2 ಕೋಟಿಗೆ ಪ್ರೆಸ್ಟನ್ ಸ್ಮಿತ್, ಜೊತೆಗೆ ಏಡ್ರಿಯನ್ ಏಮಸ್ ಮತ್ತು ಬಿಲ್ಲಿ ಟರ್ನರ್. ನಾಲ್ವರ ವಯಸ್ಸೂ 25ರಿಂದ 27ರೊಳಗೆ. ಡ್ರಾಫ್ಟ್ ಆದವನ ಮೊದಲ ಒಪ್ಪಂದ ನಾಲ್ಕು ವರ್ಷದ್ದು. ಅದು ಮುಗಿಯುವ ಹೊತ್ತಿಗೆ ಬಹುತೇಕರಿಗೆ ಆಗುವ ವಯಸ್ಸು ಅದು. ಹಳೆಯ ಸಾಧನೆಗೆ ಹಣ ಕೊಡುವ ಬದಲು ಬರಲಿರುವ ವರ್ಷಗಳಿಗೆ ಕೊಡುವುದು ಎಂದರೆ ಇದು. ಆ ಸೀಸನ್‌ನಲ್ಲಿ ಝಡೇರಿಯಸ್ 13.5, ಪ್ರೆಸ್ಟನ್ 12 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡವುವುದು) ಗಳಿಸಿದರು. ಹಿಂದಿನ ವರ್ಷ ಆರೇ ಪಂದ್ಯ ಗೆದ್ದಿದ್ದ ತಂಡ 13–3ಕ್ಕೆ ಏರಿತು.

ಮುಂದೆ ಬಂದದ್ದು ಕೊರೋನಾ. ಖಾಲಿ ಕ್ರೀಡಾಂಗಣಗಳಿಂದ ಆದಾಯ ಬಿದ್ದು, 2021ರ ಕ್ಯಾಪ್ 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಗೆಲ್ಲುವ ತಂಡ ಕೈಯಲ್ಲಿತ್ತು, ಒಡೆಯಲು ಮನಸ್ಸಿರಲಿಲ್ಲ. ಒಪ್ಪಂದದ ಮೇಲೆ ಒಪ್ಪಂದ ತಿದ್ದಿ, ಹೆಸರಿಗಷ್ಟೇ ಇರುವ ವರ್ಷಗಳನ್ನು ಬಾಲಕ್ಕೆ ಸೇರಿಸಿ, ಹಣವನ್ನು ಮುಂದಕ್ಕೆ ತಳ್ಳಿದರು. ಆ ಸೀಸನ್ 13–4. ಪ್ಲೇಆಫ್‌ನಲ್ಲಿ ತಮ್ಮದೇ ಲ್ಯಾಂಬೋ ಫೀಲ್ಡ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎದುರು 13–10ರಿಂದ ಸೋತರು. ಬಾಕಿ ಮಾತ್ರ ಹಾಗೇ ಉಳಿಯಿತು. 2023ರಲ್ಲಿ ರಾಜರ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ ಹೋದಾಗ ಅವರ ಒಬ್ಬರ ಹೆಸರಿನಲ್ಲೇ 4 ಕೋಟಿ ಡಾಲರ್‌ಗೂ ಹೆಚ್ಚು ಡೆಡ್ ಮನಿ.

ಅಂಥ ಭಾರ ಹೊತ್ತ ತಂಡ ಎರಡು ಮೂರು ವರ್ಷ ಮೇಲೇಳುವುದಿಲ್ಲ ಎಂಬುದು ನಮ್ಮ ವೃತ್ತಿಯವರ ಅಂದಾಜು. ಪ್ಯಾಕರ್ಸ್ ಎದ್ದಿತು. 2020ರಲ್ಲೇ ಡ್ರಾಫ್ಟ್ ಮಾಡಿಟ್ಟಿದ್ದ ಜಾರ್ಡನ್ ಲವ್ ಕ್ವಾರ್ಟರ್‌ಬ್ಯಾಕ್ ಆದರು, ಸುತ್ತ ಮೊದಲ ಒಪ್ಪಂದದ ಹುಡುಗರು. ಲೀಗಿನಲ್ಲೇ ಅತಿ ಚಿಕ್ಕ ವಯಸ್ಸಿನವರೆನಿಸಿದ ಈ ತಂಡ ಪ್ಲೇಆಫ್‌ನಲ್ಲಿ ಡಲ್ಲಾಸ್ ಅಂಗಳಕ್ಕೇ ಹೋಗಿ 48–32ರಿಂದ ಗೆದ್ದಿತು. ಕಡಿಮೆ ಸಂಬಳದ ಹುಡುಗರು ಬೇರೆಯವರ ಡೆಡ್ ಮನಿಯನ್ನು ಹೊತ್ತರು ಎಂದೇ ಇದನ್ನು ನಾನು ಓದುತ್ತೇನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಡಿಮೆ ಸಂಬಳ ಆಕಾಶದಿಂದ ಬಿದ್ದದ್ದಲ್ಲ. 2010ರಲ್ಲಿ ಮೊದಲ ಪಿಕ್ ಆದ ಸ್ಯಾಮ್ ಬ್ರ್ಯಾಡ್‌ಫರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಪಡೆದರು. ಮರುವರ್ಷ ಹೊಸ ಸಾಮೂಹಿಕ ಒಪ್ಪಂದ ಬಂದು, ಅದೇ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಡ್ರಾಫ್ಟ್ ಮಾಡಿ ಬೆಳೆಸುವ ತಂಡದ ಜಾಣತನಕ್ಕೆ ಬೆಲೆ ತೆರುವವರು ಈ ಹುಡುಗರೇ. ನಾಲ್ಕು ವರ್ಷ ಯಾವ ತಂಡ, ಎಷ್ಟು ಸಂಬಳ ಎಂಬುದರಲ್ಲಿ ಅವರ ಮಾತು ಹೆಚ್ಚು ನಡೆಯುವುದಿಲ್ಲ. ಮೂರನೇ ವರ್ಷ ಮೊಣಕಾಲು ಹೋದವನಿಗೆ ಆ ದೊಡ್ಡ ಮಾರ್ಚ್ ಬರುವುದೇ ಇಲ್ಲ. ಇಂಥವರ ಕಾಗದಗಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತಂಡದ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿರಲಿ, ಈ ನಿಯಮ ನ್ಯಾಯದ್ದು ಎಂದು ನಾನು ಒಪ್ಪುವುದಿಲ್ಲ.

2024ರ ಮಾರ್ಚ್ ಬಿಡುವುದರ ಕಷ್ಟವನ್ನು ಬಿಚ್ಚಿ ತೋರಿಸಿತು. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, 26 ವರ್ಷದ ಜೋಶ್ ಜೇಕಬ್ಸ್ ನಾಲ್ಕು ವರ್ಷಕ್ಕೆ 4.8 ಕೋಟಿಗೆ ಬಂದರು. ಏಳು ವರ್ಷ ಗ್ರೀನ್ ಬೇಯಲ್ಲಿ ಓಡಿ ಎಲ್ಲರ ಪ್ರೀತಿ ಗಳಿಸಿದ್ದ 29ರ ಏರನ್ ಜೋನ್ಸ್ ಅವರನ್ನು ಕೈಬಿಟ್ಟರು. ಜೋನ್ಸ್ ಬದ್ಧ ಎದುರಾಳಿ ಮಿನೆಸೋಟ ವೈಕಿಂಗ್ಸ್ ಸೇರಿದರು. ಆ ಸೀಸನ್‌ನಲ್ಲಿ ಜೇಕಬ್ಸ್ ಓಡಿದ್ದು 1,329 ಗಜ, ಜೋನ್ಸ್ 1,138 ಗಜ. ಈ ಅಂಕಿಯಲ್ಲಿ ಯಾರ ತಪ್ಪೂ ಕಾಣುವುದಿಲ್ಲ. ಮೂರು ವರ್ಷದ ಅಂತರಕ್ಕೆ ತಂಡ ಹಣ ಕೊಟ್ಟಿತು, ಮತ್ತು ರನ್ನಿಂಗ್ ಬ್ಯಾಕ್ ಜಾಗದಲ್ಲಿ ಆ ಮೂರು ವರ್ಷ ಬಹಳ ದೊಡ್ಡದು. ಅದೇ ವಾರ ಬಂದ, ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಲ್ಲುವ ಸೇಫ್ಟಿ ಝೇವಿಯರ್ ಮೆಕಿನ್ನಿ ಇನ್ನೂ 24ರವರು. ಎದುರಾಳಿ ಎಸೆದ ಚೆಂಡನ್ನು ಎಂಟು ಸಲ ನಡುವೆಯೇ ಹಿಡಿದು (ಇಂಟರ್‌ಸೆಪ್ಷನ್) ಆಲ್-ಪ್ರೊ ಆದರು. ಪೇಟೆಯಿಂದ ತಂದ ಆಟಗಾರರಲ್ಲಿ ರೆಜಿ ವೈಟ್, ವುಡ್‌ಸನ್ ಬಳಿಕ ಪ್ಯಾಕರ್ಸ್‌ಗೆ ಇಷ್ಟು ಬೇಗ ಫಲ ಕೊಟ್ಟವರು ಕಡಿಮೆ.

2025ರ ಆಗಸ್ಟ್‌ನಲ್ಲಿ ಗುಟೆಕುನ್ಸ್ಟ್ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. 26 ವರ್ಷದ ರಕ್ಷಣಾ ಆಟಗಾರ ಮೈಕಾ ಪಾರ್ಸನ್ಸ್‌ಗಾಗಿ ಡಲ್ಲಾಸ್‌ಗೆ 2026 ಮತ್ತು 2027ರ ಮೊದಲ ಸುತ್ತಿನ ಪಿಕ್‌ಗಳನ್ನೂ ಅನುಭವಿ ಕೆನ್ನಿ ಕ್ಲಾರ್ಕ್ ಅವರನ್ನೂ ಕೊಟ್ಟು, ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ ಮಾಡಿದರು. ಥಾಂಪ್ಸನ್ ಕಾಲದಲ್ಲಿ ಊಹಿಸಲೂ ಆಗದ ವ್ಯಾಪಾರ. ನನ್ನ ಮಟ್ಟಿಗೆ ಇದು ಹಳೆಯ ದಾರಿ ಬಿಟ್ಟದ್ದಲ್ಲ, ಅದರ ಮೇಲೆ ಇನ್ನಷ್ಟು ಭಾರ ಹೇರಿದ್ದು. ಎರಡು ವರ್ಷ ಮೊದಲ ಸುತ್ತು ಇಲ್ಲದ ತಂಡಕ್ಕೆ ಮೂರು, ನಾಲ್ಕನೇ ಸುತ್ತಿನ ಹುಡುಗರೇ ಆಧಾರ. ಲವ್, ಪಾರ್ಸನ್ಸ್, ಟಾಮ್ ಮೂವರ ದೊಡ್ಡ ಸಂಬಳದ ನಡುವೆ ಉಳಿದ ಐವತ್ತು ಜಾಗ ತುಂಬಬೇಕಾದವರು ಅವರೇ. ಹಾಗಾಗಿ ಗ್ರೀನ್ ಬೇಯಿಂದ ಒಪ್ಪಂದ ಮುಗಿಸಿ ಹೋಗುವವರ ಪಟ್ಟಿಯನ್ನೂ, ಆ ಬೆನ್ನಿಗೆ ಲೀಗ್ ಪ್ರಕಟಿಸುವ ಪರಿಹಾರದ ಪಿಕ್‌ಗಳನ್ನೂ ನಾನು ಈಗ ಮೊದಲಿಗಿಂತ ಹೆಚ್ಚು ಗಮನವಿಟ್ಟು ಓದುತ್ತೇನೆ.