ಹಳೇ ಬೇಸ್‌ಬಾಲ್ ಕಾರ್ಡುಗಳಿಗೆ ಹೆಸರಿಟ್ಟ ಜೆಫರ್ಸನ್ ಬರ್ಡಿಕ್

ಹಳೇ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ಓದಲು ಕೂತರೆ ಮೊದಲು ತಲೆ ಕೆಡಿಸೋದು ಎನ್172, ಟಿ206, ಆರ್319 ಅನ್ನೋ ಗುರುತುಗಳು. ಇವನ್ನು ಕಾರ್ಡ್ ಅಚ್ಚು ಹಾಕಿಸಿದ ಕಂಪನಿಗಳು ಕೊಟ್ಟಿದ್ದಲ್ಲ. ಅಮೆರಿಕದ ಸಿರಾಕ್ಯೂಸ್ ಊರಿನಲ್ಲಿ ವಿದ್ಯುತ್ ಸಾಮಾನಿನ ಕಾರ್ಖಾನೆಯ ಕೆಲಸಗಾರರಾಗಿದ್ದ ಜೆಫರ್ಸನ್ ಬರ್ಡಿಕ್ ಕೊಟ್ಟಿದ್ದು. ಇವರನ್ನು ಅರ್ಥ ಮಾಡಿಕೊಂಡರೆ ಈ ಹವ್ಯಾಸದ ಅರ್ಧ ಕಥೆ ಗೊತ್ತಾದ ಹಾಗೆ.

ಮೊದಲು ಸ್ವಲ್ಪ ಹಿನ್ನೆಲೆ. 1880ರ ದಶಕದಲ್ಲಿ ಸಿಗರೇಟ್ ಪ್ಯಾಕ್ ಮೆತ್ತಗಿರುತ್ತಿತ್ತು. ಸಿಗರೇಟು ಮುರಿಯದಿರಲಿ ಅಂತ ಒಳಗೊಂದು ಗಟ್ಟಿ ರಟ್ಟು ಇಡುತ್ತಿದ್ದರು. ಆ ರಟ್ಟಿನ ಮೇಲೆ ಆಟಗಾರರ ಚಿತ್ರ ಬಂತು. ನಮ್ಮಲ್ಲಿ ಬಬಲ್ ಗಮ್ ಜೊತೆ ಕ್ರಿಕೆಟ್ ಕಾರ್ಡ್ ಬರುತ್ತಿತ್ತಲ್ಲ, ಹಾಗೇ. 1890ರಲ್ಲಿ ದೊಡ್ಡ ಕಂಪನಿಗಳೆಲ್ಲ ಸೇರಿ ಅಮೆರಿಕನ್ ಟೊಬ್ಯಾಕೊ ಕಂಪನಿ ಆಯಿತು. ಪೈಪೋಟಿ ಹೋಯಿತು, ಕಾರ್ಡುಗಳೂ ಕಡಿಮೆಯಾದವು. ಮತ್ತೆ ಭರ್ಜರಿಯಾಗಿ ಬಂದದ್ದು 1909ರ ಹೊತ್ತಿಗೆ.

ಬರ್ಡಿಕ್ ಅಕ್ಷರಗಳು ಈ ಇತಿಹಾಸವನ್ನೇ ಹಿಡಿದಿವೆ. ಎನ್ ಅಂದರೆ ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡ್. ಟಿ ಅಂದರೆ ಇಪ್ಪತ್ತನೇ ಶತಮಾನದ್ದು. ಇ ಅಂದರೆ ಹಳೇ ಮಿಠಾಯಿ, ಗಮ್ ಕಾರ್ಡ್. ಆರ್ ಅಂದರೆ 1930ರ ನಂತರದ ಗಮ್ ಕಾರ್ಡ್. ಮುಂದಿನ ಅಂಕಿ ಬರೀ ಅವರು ಮಾಡಿದ ಕಾರ್ಡುಗಳ ಪಟ್ಟಿಯ ಕ್ರಮ ಸಂಖ್ಯೆ, ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ಇದರಿಂದ ಏನು ದೊಡ್ಡ ಉಪಕಾರ ಆಯಿತು ಅಂತ ಕೇಳಬಹುದು. ಟಿ206 ಕಾರ್ಡೊಂದನ್ನು ತಿರುಗಿಸಿ ನೋಡಿ. ಹಿಂದೆ ಪೀಡ್‌ಮಾಂಟ್ ಅಂತಲೋ ಸ್ವೀಟ್ ಕ್ಯಾಪೊರಲ್ ಅಂತಲೋ ಸಿಗರೇಟ್ ಜಾಹೀರಾತು ಇರುತ್ತದೆ. ಒಂದರಲ್ಲಿ 150 ಚಿತ್ರಗಳ ಸರಣಿ ಅಂತ ಬರೆದಿದ್ದರೆ ಇನ್ನೊಂದರಲ್ಲಿ 350 ಅಂತ ಇರುತ್ತದೆ. ಕಾರ್ಡಿಗೆ ನಂಬರೇ ಇಲ್ಲ. ಬರೀ ಹಿಂಬದಿ ನೋಡಿದರೆ ಇವು ಹತ್ತಾರು ಬೇರೆ ಬೇರೆ ಸೆಟ್ ಅನ್ನಿಸುತ್ತದೆ. ಅಳತೆ ಒಂದೇ, ಚಿತ್ರದ ರೀತಿ ಒಂದೇ, 1909ರಿಂದ 1911ರೊಳಗೆ ಬಂದವು ಅಂತ ಗುರುತಿಸಿ, 500ಕ್ಕೂ ಜಾಸ್ತಿ ಕಾರ್ಡುಗಳನ್ನು ಒಂದೇ ಹೆಸರಿನಡಿ ತಂದದ್ದೇ ಬರ್ಡಿಕ್ ಹೆಚ್ಚುಗಾರಿಕೆ. ಇದೇ ಸೆಟ್ಟಿನ, ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಕಾರ್ಡ್ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಬರ್ಡಿಕ್ ಪಟ್ಟಿಯಲ್ಲಿ ಅದಕ್ಕೆ 50 ಡಾಲರ್ ಅಂತ ಬೆಲೆ ಹಾಕಿದ್ದರು, ಆಗಲೂ ಅದೇ ದುಬಾರಿ.

ಇದೆಲ್ಲ ಒಬ್ಬರೇ ಕೂತು ಮಾಡಿದ್ದಲ್ಲ. 1937ರಲ್ಲಿ ಅವರು ಸಂಗ್ರಾಹಕರಿಗಾಗಿ ಒಂದು ಪುಟ್ಟ ಪತ್ರಿಕೆ ಶುರು ಮಾಡಿದರು. ಆ ಕಾಲದಲ್ಲಿ ಅಂಗಡಿ ಇಲ್ಲ, ಮೇಳ ಇಲ್ಲ, ಅಂಚೆಯೇ ಎಲ್ಲ. ನಿನ್ನ ಹತ್ತಿರ ಇರೋದು ಏನು, ನನಗೆ ಬೇಕಾದ್ದು ಏನು ಅಂತ ಕಾಗದ ಬರೆದು ಅದಲುಬದಲು ಮಾಡುತ್ತಿದ್ದರು. ಲಯನೆಲ್ ಕಾರ್ಟರ್ ಇಂಥ ಹಳಬರಲ್ಲೊಬ್ಬರು. ಚಾರ್ಲ್ಸ್ ಬ್ರೇ ಮುಂದೆ ಆ ಪತ್ರಿಕೆಯನ್ನೇ ವಹಿಸಿಕೊಂಡರು. ಈ ಪತ್ರಗಳಿಂದ ಬಂದ ಮಾಹಿತಿ 1939ರ ಮೊದಲ ಪಟ್ಟಿಯಾಯಿತು. 1946ರಲ್ಲಿ ಅದಕ್ಕೆ 'ಅಮೆರಿಕನ್ ಕಾರ್ಡ್ ಕ್ಯಾಟಲಾಗ್' ಅನ್ನೋ ಹೆಸರು ಬಂತು.

ಸಂಗ್ರಾಹಕರ ಕಾಗದಕ್ಕೆ ಎಷ್ಟು ಬಲ ಇತ್ತು ಅನ್ನೋದಕ್ಕೆ ಆರ್319 ಒಳ್ಳೇ ಉದಾಹರಣೆ. 1933ರ ಈ ಗೌಡಿ ಗಮ್ ಸೆಟ್ಟಿನಲ್ಲಿ 106ನೇ ನಂಬರಿನ ಕಾರ್ಡೇ ಇರಲಿಲ್ಲ. ದೂರು ಬರೆದವರಿಗೆ ಕಂಪನಿ 1934ರಲ್ಲಿ ನ್ಯಾಪ್ ಲಾಜವೇ ಅನ್ನೋ ಆಟಗಾರನ ಕಾರ್ಡನ್ನು ಆ ನಂಬರಿನಲ್ಲಿ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿತು.

ಬರ್ಡಿಕ್‌ಗೆ ಸಂಧಿವಾತ, ಕೈಬೆರಳು ಸರಿಯಾಗಿ ಬಗ್ಗುತ್ತಿರಲಿಲ್ಲ. ಆದರೂ ತಮ್ಮ 3 ಲಕ್ಷಕ್ಕೂ ಜಾಸ್ತಿ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನ ಕೊಟ್ಟು, ಅಲ್ಲೇ ಕೂತು ಆಲ್ಬಮ್‌ಗಳಿಗೆ ಅಂಟಿಸಿದರು. ಅಂಟು ಹಾಕಿದರೆ ಬೆಲೆ ಬೀಳುತ್ತದೆ ಅಂತ ಇವತ್ತಿನವರು ಬೆಚ್ಚಿಬೀಳುತ್ತಾರೆ. ಮಾರೋ ಯೋಚನೆಯೇ ಇಲ್ಲದವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಮತ್ತು ನನ್ನ ಪ್ರಕಾರ ಅವರು ಮಾಡಿದ್ದೇ ಸರಿ. ಅಂಟಿಸಿದ್ದರಿಂದಲೇ ಸಂಗ್ರಹ ಚದುರಿ ಹೋಗದೆ ಉಳಿಯಿತು. 1963ರ ಜನವರಿ 10ರಂದು ಕೆಲಸ ಮುಗಿಸಿ, ಇನ್ನು ಬರೋದಿಲ್ಲ ಅಂತ ಹೇಳಿ ಹೊರಟರು. ಮಾರನೇ ದಿನ ಆಸ್ಪತ್ರೆ ಸೇರಿದರು, ಮಾರ್ಚಿನಲ್ಲಿ ತೀರಿಕೊಂಡರು.

ಅವರು ಕೊಟ್ಟ ಸಂಗ್ರಹದಲ್ಲಿ ಬೇಸ್‌ಬಾಲ್ ಕಾರ್ಡುಗಳು ಸುಮಾರು 30,000, ಅಂದರೆ ಹತ್ತರಲ್ಲಿ ಒಂದು ಪಾಲು. ಉಳಿದದ್ದು ಪೋಸ್ಟ್‌ಕಾರ್ಡ್, ಅಂಗಡಿ ಜಾಹೀರಾತು, ಶುಭಾಶಯ ಪತ್ರ ಮುಂತಾದವು. ಮ್ಯೂಸಿಯಂ ದಾಖಲೆಯಲ್ಲಿ ಈ ಸಂಗ್ರಹದ ಸಂಖ್ಯೆಗಳು 63.350ರಿಂದ ಶುರುವಾಗುತ್ತವೆ. ವ್ಯಾಗ್ನರ್ ಇರುವ ಸೆಟ್ಟಿನ ಕಾರ್ಡುಗಳನ್ನು ತೆಗೆದು ನೋಡಿದರೆ ಆ ಸಂಖ್ಯೆಯ ನಡುವೆ 206 ಸಿಗುತ್ತದೆ.